ಖಾಲಿ ಹೊಟ್ಟೆ ಮತ್ತು ಪಂಚಾಮೃತ

ಹೊಟ್ಟೆಯನ್ನು ಖಾಲಿ ಇಟ್ಟುಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಸೋಲಿಸುವವರು ಚಾಮರಾಜಪೇಟೆಯಲ್ಲಿಲ್ಲ ಎಂದು ನಂಬಿದ್ದೆ. ತಿಂಗಳಿಗೆರಡು ಏಕಾದಶಿ ಮಾಡುವವನು ನಾನು! ಹಾಗಾಗಿ, ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು ಎಂದು ಸರ್ಜನ್ ಹೇಳಿದಾಗ ಸಣ್ಣಗೆ ನಕ್ಕೆ.

ನಗುವಂಥದ್ದು ಅಲ್ಲಿ ಬೇರೇನೂ ಇರಲಿಲ್ಲ. ನಾಲಿಗೆಯ ಬುಡದಲ್ಲಿ ಕಡಲೆಕಾಳಿಗಿಂತ ದೊಡ್ಡದೊಂದು ಗಂಟು. ಚೂರು ತೆಗೆದು ಪರೀಕ್ಷಿಸಿದ್ದರು. ಜೊಲ್ಲಿನ ಗ್ರಂಥಿಯದು, ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಬೆಳೆಯುತ್ತದೆ, ಮುಂದೆಂದಾದರೂ ಕೆಟ್ಟದ್ದಕ್ಕೆ ತಿರುಗಲೂಬಹುದು. ಸುತ್ತಲಿನ ಒಂದಿಷ್ಟು ಮಾಂಸದ ಸಮೇತ ತೆಗೆಯಬೇಕು. ಮಾತಿಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದೆ. ಬಹುಶಃ ಇಲ್ಲ ಎಂದರು. ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿ ಬದುಕಿದವನಿಗೆ ಆ 'ಬಹುಶಃ' ಗಂಟಿಗಿಂತ ದೊಡ್ಡದಾಗಿ ಕಂಡಿತು.

ಆ ದಿನ ಬೆಳಿಗ್ಗೆ ಆಸ್ಪತ್ರೆಯ ದಾರಿಯಲ್ಲಿ, ಬಸವನಗುಡಿಯ ದೇವಸ್ಥಾನವೊಂದರ ಮುಂದೆ ನಾನೂ ಹೆಂಡತಿ ವಿಮಲಾಳೂ ಆಟೊ ನಿಲ್ಲಿಸಿದೆವು. ಮಂಗಳಾರತಿ, ಕುಂಕುಮ, ತೀರ್ಥ, ಪ್ರಸಾದ ಎಲ್ಲವೂ ಸಾಂಗವಾಗಿ ನೆರವೇರಿದವು. ಒಂದು ಗಂಟೆಯ ನಂತರ ಹಸಿರು ಗೌನು ತೊಟ್ಟು ಮಲಗಿದ್ದೆ. ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು, ಏನಾದರೂ ತಿಂದಿದ್ದೀರಾ ಎಂದು ಕೇಳಿದರು. ಒಂದಗುಳೂ ಇಲ್ಲ ಎಂದು ಸಾತ್ವಿಕ ಹೆಮ್ಮೆಯಿಂದ ಉತ್ತರಿಸಿದೆ. ಅವರ ಕಣ್ಣು ನನ್ನ ಹಣೆಯ ಮೇಲೆ ನಿಂತಿತು.

"ದೇವಸ್ಥಾನಕ್ಕೆ ಹೋಗಿದ್ರಾ ಸರ್? ಏನ್ ಕೊಟ್ರು?"

"ಪಂಚಾಮೃತ. ಅದು ತಿಂಡಿ ಅಲ್ಲ ಡಾಕ್ಟ್ರೇ, ಪ್ರಸಾದ."

"ಹಾಲು, ಮೊಸರು, ಬಾಳೆಹಣ್ಣು. ನಿಮಗೆ ಎಚ್ಚರ ಇಲ್ದಿರೋವಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ, ಹೊರಗೆ ಕೂತಿರೋ ನಿಮ್ಮ ಮಿಸೆಸ್‌ಗೆ ನಾನೇನ್ ಹೇಳ್ಲಿ?"

ಗೌನು ಬಿಚ್ಚಿದೆ. ಆಪರೇಷನ್ ಹತ್ತು ದಿನ ಮುಂದಕ್ಕೆ ಹೋಯಿತು.

ಫೋನು ಮಾಡಿದ ನೆಂಟರಿಗೆಲ್ಲ, ವಿಮಲಾ ಬಲವಂತವಾಗಿ ಪಂಚಾಮೃತ ಕೈಗೆ ಹಾಕಿಸಿದಳು ಎಂದೇ ಹೇಳಿದೆ. ನನಗೆ ನೆನಪಿದ್ದದ್ದೂ ಹಾಗೆಯೇ. ನಾಲ್ಕನೆಯ ನೆಂಟರವರೆಗೂ ಅವಳು ಕೇಳಿಸಿಕೊಂಡಳು. ಆಮೇಲೆ, "ಎರಡು ಸಲ ಕೈ ಒಡ್ಡಿದ್ದು ಯಾರ್ರೀ?" ಎಂದಳು. ಚರಿತ್ರೆಯವನಲ್ಲವೇ, ದಾಖಲೆಗೆ ಹೋದೆ. ಅಂದಿನ ಡೈರಿಯಲ್ಲಿ ನನ್ನದೇ ಕೈಬರಹ: 'ದ್ರಾಕ್ಷಿ ಹಾಕಿದ್ದರು. ಇನ್ನೊಮ್ಮೆ ಕೇಳಿ ಹಾಕಿಸಿಕೊಂಡೆ.'

ನಾಲ್ಕು ದಿನದ ಹಿಂದಿನದನ್ನೇ ಹೀಗೆ ತಿದ್ದಿಕೊಂಡವನು ಇನ್ನೇನೇನನ್ನು ತಿದ್ದಿಕೊಂಡಿದ್ದೇನೋ! ಆ ದಿನಗಳಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಪಾಠ ಓದುತ್ತಿದ್ದೆ, ಇನ್ನೇನು ರೈಲು ಹತ್ತಿ ಹೋಗಿಬಿಡುವವರ ಮಾತು ಕೇಳುವ ಹಾಗೆ ನನ್ನ ದನಿಯನ್ನೇ ಕೇಳಿಸಿಕೊಳ್ಳುತ್ತ.

ಎರಡನೆಯ ಸಲ ವಿಮಲಾ ಆಟೊದವನಿಗೆ ದೇವಸ್ಥಾನವಿಲ್ಲದ ಬೀದಿಗಳ ದಾರಿಯನ್ನೇ ಹೇಳಿದಳು. ಬಸವನಗುಡಿಯಲ್ಲಿ ಅದು ಸುಲಭವಲ್ಲ. ಗಂಟು ಪೂರ್ತಿ ಬಂತು. ಒಂದು ವಾರ ಮೂಗಿನ ನಳಿಕೆಯಲ್ಲಿ ಗಂಜಿ, ಕೈಯಲ್ಲಿ ಸ್ಲೇಟು. ಕೆಟ್ಟದ್ದೇನೂ ಇಲ್ಲವೆಂದು ವರದಿ ಬಂತು. ನಾಲಿಗೆ ಮೆಲ್ಲಗೆ ಹೊರಳಿತು.

ಆರು ವಾರದ ಮೇಲೆ ತರಗತಿಗೆ ಹೋಗಿ ಮುಕ್ಕಾಲು ಗಂಟೆ ಪಾಠ ಮಾಡಿದೆ. ಕೊನೆಯಲ್ಲಿ, ನನ್ನ ಮಾತಿನಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತದೆಯೇ, ಸಂಕೋಚವಿಲ್ಲದೆ ಹೇಳಿ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಗೊತ್ತಾಗಲ್ಲ ಸರ್. ಇಲ್ಲಿಗೆ ಮೊದಲೂ ಕೇಳಿಸ್ತಿರ್ಲಿಲ್ಲ."

ಜೀವ ಕೈಯಲ್ಲಿ ಹಿಡಿದು ನಾನು ಉಳಿಸಿಕೊಂಡದ್ದು ಮೂರನೆಯ ಬೆಂಚಿನವರೆಗಿನ ಮಾತು!