ಗಂಧಕದ ಗಂಟು

ಬೇಸಿಗೆ ರಜೆ ಮುಗಿಯಲು ಇನ್ನೊಂದು ವಾರವಿತ್ತು. ಬೆಳಿಗ್ಗೆ ಒಂಬತ್ತಕ್ಕೇ ಶಾಲೆಯ ಸಭಾಂಗಣದ ತಗಡಿನ ಮಾಡು ಕಾದ ಕಾವಲಿಯಾಗಿತ್ತು. ಅವತ್ತು ಮೇಲಧಿಕಾರಿ ಬರುವವರಿದ್ದರು. ಪಾಠವನ್ನು ಆಟವಾಗಿಸುವುದು ಹೇಗೆಂದು ಮೇಷ್ಟ್ರುಗಳೇ ಆಡಿ ತೋರಿಸಬೇಕಿತ್ತು. ಆ ಭಾರ ವಿಜ್ಞಾನದ ಮೇಷ್ಟ್ರ ತಲೆಗೆ ಬಿತ್ತೆಂದು ಎಲ್ಲರೂ ಮರುಗಿದರು. ನಿಜದಲ್ಲಿ ಅವರೇ ಹೋಗಿ ಹೊತ್ತುಕೊಂಡಿದ್ದರು.

ಕಾರಣ ಲೈಬ್ರರಿ ಮೇಡಂ. ಆಕೆಗೆ ಮನಸ್ಸಿನ ಮಾತು ಹೇಳಬೇಕೆಂದು ಹೋಗುವುದು, ಬಾಯಿ ಒಣಗಿ ಕೈಗೆ ಸಿಕ್ಕ ಪುಸ್ತಕ ತೆಗೆದುಕೊಂಡು ಬರುವುದು, ವರ್ಷಗಟ್ಟಲೆ ಇದೇ ಆಗಿತ್ತು. ಹೀಗಾಗಿ ಮೇಷ್ಟ್ರು ಕೋಳಿ ಸಾಕಣೆಯಿಂದ ಹಿಡಿದು ಬಾವಿ ತೋಡುವುದರವರೆಗೆ ಎಲ್ಲ ಓದಿ ಮುಗಿಸಿದ್ದರು.

ಅವರು ಆರಿಸಿದ ಪಾಠ ಪ್ರೋಟೀನು. ಒಬ್ಬೊಬ್ಬರು ಒಂದೊಂದು ಅಮೈನೋ ಆಮ್ಲ. ಬಲಗೈ ಮುಂದಿನವರ ಹೆಗಲ ಮೇಲಿಟ್ಟರೆ ಸರಪಳಿ. ಎಡಗೈಯಲ್ಲಿ ಅವರವರ ಗುಣದ ಚೀಟಿ: ನೀರನ್ನು ಮೆಚ್ಚುವವರಿಗೆ ಹಸಿರು, ನೀರಿಗೆ ಅಂಜುವವರಿಗೆ ಹಳದಿ. ಇಬ್ಬರಿಗೆ ಮಾತ್ರ ಕೆಂಪು, ಅದು ಸಿಸ್ಟೀನ್. ಸರಪಳಿ ಮಡಚಿಕೊಂಡಾಗ ಆ ಇಬ್ಬರ ಗಂಧಕ ಒಂದಕ್ಕೊಂದು ಗಂಟು ಬೀಳುತ್ತದೆ, ಎಂದರೆ ಇಬ್ಬರೂ ಎಡಗೈ ಹಿಡಿದುಕೊಳ್ಳಬೇಕು. ಒಂದು ಕೆಂಪು ಚೀಟಿ ಲೈಬ್ರರಿ ಮೇಡಂಗೆ ಹೋಯಿತು. ಇನ್ನೊಂದು ಮೇಷ್ಟ್ರ ಜೇಬಿನಲ್ಲಿ ಬೆವರುತ್ತಿತ್ತು. ಬಾಯಿ ಹೇಳಲಾರದ್ದನ್ನು ಇವತ್ತು ಕೈ ಹೇಳಲಿ ಎಂದುಕೊಂಡಿದ್ದರು.

ಚೀಟಿ ಹಂಚುವಾಗಲೇ ರಗಳೆ ಶುರುವಾಯಿತು.

"ನೀರಿಗೆ ಅಂಜೋನಾ? ನಾನಾ?" ಎಂದು ಗಣಿತದ ಮೇಷ್ಟ್ರು ಹಳದಿ ಚೀಟಿ ಬೀಸಿದರು. "ದಿನಕ್ಕೆರಡು ಸಲ ಸ್ನಾನ ಮಾಡೋ ಮನುಷ್ಯ ಕಣ್ರೀ ನಾನು!"

"ನೀವಲ್ಲ ಸಾರ್, ಚೀಟೀಲಿರೋ ಲ್ಯೂಸಿನ್ನು."

"ಲ್ಯೂಸಿನ್ನೋ ಪಾಸಿನ್ನೋ, ಹಸಿರು ಕೊಡ್ರಿ."

ಹೆಡ್‌ಮಿಸ್ ತಮ್ಮ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದರು. "ಟ್ರಿಪ್ಟೊಫ್ಯಾನ್. ಇದ್ಯಾಕೆ ನಂಗೆ?"

"ಅದು... ಇಪ್ಪತ್ತು ಬಗೆ ಆಮ್ಲದಲ್ಲಿ ಎಲ್ಲಕ್ಕಿಂತ ದೊಡ್ಡದು ಮೇಡಂ."

ಹೊಲಿಗೆ ಟೀಚರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಹೆಡ್‌ಮಿಸ್ ಮಾತ್ರ ಅದು ಹುದ್ದೆಯ ದೊಡ್ಡತನವೆಂದು ತಿಳಿದು ತಲೆಯಾಡಿಸಿದರು.

ಡ್ರಿಲ್ ಮೇಷ್ಟ್ರಿಗೆ ಚೀಟಿಯೇ ಇರಲಿಲ್ಲ. ಅವರ ಚೆಂಡು ಲೈಬ್ರರಿಯ ಕಿಟಕಿ ಒಡೆದಂದಿನಿಂದ ಅವರೂ ಮೇಡಮ್ಮೂ ಮಾತು ಬಿಟ್ಟಿದ್ದರು. ಆದರೂ ಆಳು ಕಟ್ಟುಮಸ್ತು, ದೂರವಿದ್ದಷ್ಟೂ ಒಳ್ಳೆಯದೆಂದು ಮೇಷ್ಟ್ರು ಅವರನ್ನು 'ಬಿಸಿ' ಮಾಡಿ ಬಾಗಿಲಲ್ಲಿ ನಿಲ್ಲಿಸಿದ್ದರು. ಅವರು ಸೀಟಿ ಊದಿದರೆ ಕಾವು ಏರಿದಂತೆ. ಮಡಚಿದ ಸರಪಳಿ ಬಿಚ್ಚಿಕೊಳ್ಳಬೇಕು.

ಅಧಿಕಾರಿ ಬಂದು ಕುರ್ಚಿಯಲ್ಲಿ ಕೂತರು. "ವಿವರಿಸೋರು ಯಾರು?"

"ನಾನೇ ಸರ್. ಸಾಲಿನಲ್ಲಿ ನಿಂತ್ಕೊಂಡೇ..." ಎಂದು ಮೇಷ್ಟ್ರು ಜೇಬಿನ ಕೆಂಪು ಚೀಟಿ ಹೊರತೆಗೆದರು.

"ಸಾಲಲ್ಲಿ ನಿಂತು ಗೊಣಗಿದ್ರೆ ಯಾರಿಗ್ರೀ ಕೇಳುತ್ತೆ?" ಎಂದರು ಹೆಡ್‌ಮಿಸ್. "ಹೊರಗೆ ನಿಂತು ಹೇಳಿ. ಡ್ರಿಲ್ ಮೇಷ್ಟ್ರೇ, ಸೀಟಿ ಇವರಿಗೆ ಕೊಡಿ. ಮೇಷ್ಟ್ರೇ, ಆ ಚೀಟಿ ಅವರಿಗೆ ಕೊಡಿ."

ಮೇಷ್ಟ್ರು ಲೈಬ್ರರಿ ಮೇಡಂ ಕಡೆ ನೋಡಿದರು. ಆಕೆ ಇವರನ್ನೇ ನೋಡುತ್ತಿದ್ದಳು. ಬಾಯಿ ಎಂದಿನಂತೆ ಒಣಗಿತು. ಚೀಟಿ ಕೈದಾಟಿತು.

ಆಟ ಶುರುವಾಯಿತು. ಅಮೈನೋ ಆಮ್ಲಗಳು ಎರಡು ಕೂಡಿದಾಗ ಒಂದು ನೀರು ಹೊರಬೀಳಬೇಕಲ್ಲ, ಅದಕ್ಕೆ ಹೆಗಲಿಗೊಂದು ಕೈ ಬಿದ್ದಾಗಲೆಲ್ಲ ಒಂದು ಲೋಟ ನೀರು ನೆಲಕ್ಕೆ. ಸಾಲು ಮುಗಿಯುವಷ್ಟರಲ್ಲಿ ಸಭಾಂಗಣ ಬಚ್ಚಲಾಯಿತು. ಸರಪಳಿ ಮಡಚಿತು, ಹಳದಿಯವರು ಒಳಗೆ, ಹಸಿರಿನವರು ಹೊರಗೆ. ಗಂಧಕದ ಗಂಟು ಬಿಸಿಗೂ ಬಿಡುವುದಿಲ್ಲವೆಂದು ಮೇಷ್ಟ್ರು ಓದಿದ್ದನ್ನು ಒಪ್ಪಿಸುತ್ತಿರುವಾಗ ಕೆಂಪಿನವರಿಬ್ಬರು ಮುಖ ತಿರುಗಿಸಿಕೊಂಡೇ ಕೈ ಹಿಡಿದರು. ಅದನ್ನು ಕಂಡು ಮೇಷ್ಟ್ರ ಜೀವಕ್ಕೆ ಸ್ವಲ್ಪ ತಂಪಾಯಿತು. ತಾವೇ ಹೇಳಿದ್ದನ್ನು ಮರೆತು, ಬೇಗ ಬಿಡಿಸಿಬಿಡೋಣವೆಂದು ಕೆನ್ನೆಯುಬ್ಬಿಸಿ ಸೀಟಿ ಊದಿದರು.

ಎಲ್ಲರೂ ಎರಡೂ ಕಡೆಗೆ ಎಳೆದರು. ಆ ಇಬ್ಬರು ಮಾತ್ರ ಬಿಡಲಿಲ್ಲ. ನಡುವಿನವರು ಕುಣಿಕೆಗೆ ಸಿಕ್ಕಿ ಮುದ್ದೆಯಾದರು. ಗಣಿತದ ಮೇಷ್ಟ್ರು ಜಾರಿ, ಹೆಡ್‌ಮಿಸ್ಸನ್ನು ಹಿಡಿಯಲು ಹೋಗಿ, ಇಬ್ಬರೂ ನೀರಿನಲ್ಲಿ ಕೂತರು.

"ಕೈ ಬಿಡ್ರೀ!" ಎಂದು ವಿಜ್ಞಾನದ ಮೇಷ್ಟ್ರು ಕೂಗಿದರು.

"ಗಂಧಕದ ಗಂಟು ಬಿಸಿಗೆ ಬಿಡಲ್ಲ ಅಂತ ಈಗ್ತಾನೇ ನೀವೇ ಹೇಳಿದ್ರಲ್ಲ!" ಎಂದರು ಡ್ರಿಲ್ ಮೇಷ್ಟ್ರು, ಎದೆ ಸೆಟೆಸಿ.

ಅಧಿಕಾರಿ ತೊಡೆ ತಟ್ಟಿದರು. "ಭೇಷ್! ಮತ್ತೆ ಅದನ್ನ ಬಿಡಿಸೋದು ಹೇಗೆ?"

"ಅದಕ್ಕೆ ಬೇರೆ ರಾಸಾಯನಿಕ ಬೇಕು ಸರ್. ಬಹಳ ನಾತ."

"ತಂದಿದ್ದೀರಾ?"

"ಇಲ್ಲ ಸರ್."

"ಹಾಗಾದ್ರೆ ಗಂಟು ಹಾಗೇ ಇರ್ಲಿ. ಫೋಟೋದವನನ್ನ ಕರೆಸಿ. ಉಳಿದೋರು ಚಹಾ ಕುಡೀರಿ."

ಫೋಟೋದವನು ಊಟದ ಹೊತ್ತಾದರೂ ಬರಲಿಲ್ಲ. ಚಹಾದ ತಟ್ಟೆ ಹಿಡಿದು ಮೇಷ್ಟ್ರು ಒಳಗೆ ಬಂದಾಗ ಆ ಇಬ್ಬರು ಖಾಲಿ ಸಭಾಂಗಣದಲ್ಲಿ ಕೈ ಹಿಡಿದೇ ನಿಂತಿದ್ದರು.

"ಕಿಟಕಿ ಒಡೆದೋರಿಗೆ ಒಂದು ಕ್ಷಮೆ ಕೇಳೋಕೆ ಬಾಯಿರ್ಲಿಲ್ವಾ?"

"ಮೂರು ಸಲ ಬಂದೆ ಮೇಡಂ. 'ಮಾತನಾಡಬೇಡಿ' ಅಂತ ಬೋರ್ಡು ಹಾಕಿದ್ದೀರಿ."

ಲೈಬ್ರರಿ ಮೇಡಂ ಜೋರಾಗಿ ನಕ್ಕುಬಿಟ್ಟಳು. ಅಷ್ಟು ದೊಡ್ಡ ನಗು ಆಕೆಯಲ್ಲಿದೆಯೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ತಟ್ಟೆಯ ಚಹಾ ತಾವೇ ಕುಡಿದರು, ಎರಡೂ ಲೋಟ.

ಚಳಿ ಕಾಲಿಡುವ ಹೊತ್ತಿಗೆ ಆ ಇಬ್ಬರ ಮದುವೆಯಾಯಿತು, ಬೇರೆ ಊರಿಗೆ ವರ್ಗವೂ ಆಯಿತು. ಲೈಬ್ರರಿಯ ಕೆಲಸವನ್ನು ಹೆಡ್‌ಮಿಸ್ "ಹೇಗೂ ಅಲ್ಲೇ ಬಿದ್ದಿರ್ತೀರಲ್ಲ" ಎಂದು ವಿಜ್ಞಾನದ ಮೇಷ್ಟ್ರಿಗೇ ಅಂಟಿಸಿದರು.

ಬೀಳ್ಕೊಡಲು ಹೋದ ದಿನ ಗಂಡ ಬಸ್ಸಿನ ಮೇಲೆ ಪೆಟ್ಟಿಗೆ ಏರಿಸುತ್ತಿದ್ದರು. ಮೇಡಂ ಮೇಷ್ಟ್ರ ಹತ್ತಿರ ಬಂದಳು.

"ಅವತ್ತು ಇನ್ನೊಂದು ಕೆಂಪು ಚೀಟಿ ನಿಮ್ಮ ಕೈಲಿ ನೋಡಿ, ಇವತ್ತಾದ್ರೂ ಈ ಮನುಷ್ಯ ಬಾಯಿ ಬಿಡ್ತಾರೆ ಅಂತ ಕಾದಿದ್ದೆ ಮೇಷ್ಟ್ರೇ. ನೀವು ಅದನ್ನ ಅವರಿಗೆ ಕೊಟ್ಟುಬಿಟ್ರಿ. ಸರಿ, ನಿಮಗೆ ಮನಸ್ಸಿಲ್ಲ ಅಂದ್ಕೊಂಡೆ."

ಮೇಷ್ಟ್ರು ಬಾಯಿ ತೆರೆದರು.

"ಹತ್ತೇ, ಹೊರಡ್ತು!" ಎಂದು ಡ್ರಿಲ್ ಮೇಷ್ಟ್ರು ಮೇಲಿನಿಂದ ಕೂಗಿದರು. ಆಕೆ ಹತ್ತಿದಳು. ಹಾಗೆ ಅವರಿಬ್ಬರೂ ಊರು ಬಿಟ್ಟರು, ಗುರುವಾರ ಮಧ್ಯಾಹ್ನ.