ಹುನಗುಂದದ ಕುಸ್ತಿಗೆ ಮದುವೆಯ ಕ್ಯಾಮೆರಾ

ಆಟದ ಮೋಸ ಹಿಡಿಯಲು ಎಂಥ ಯಂತ್ರ ಬಂದರೂ ಅದನ್ನು ಹಿಡಿಯುವವರು ನಾವೇ. ಹೀಗಾಗಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಇದನ್ನು ನನಗೆ ಮೊದಲು ಹೇಳಿದವರು ಇಳಕಲ್ಲಿನ ನಮ್ಮ ಸೋದರಮಾವ. ಅರ್ಧ ಅವರಿಂದ ಕೇಳಿದ್ದು, ಉಳಿದರ್ಧ ಅವರ ಸಂಗಡ ಹೋಗಿ ಕಂಡದ್ದು.

೧. ವಿಭೂತಿಯ ಆಣೆ

ಎಂಬತ್ತರ ದಶಕದ ಕೊನೆ. ಹುನಗುಂದದಲ್ಲಿ ಬೆಳ್ಳಿ ಕಡೆಯ ಕುಸ್ತಿ; ಗೆದ್ದವನ ಕೈಗೆ ಬೆಳ್ಳಿಯ ಬಳೆ. ಒಬ್ಬ ಶಿರೂರಿನ ಪೈಲ್ವಾನ, ಇನ್ನೊಬ್ಬ ಇಳಕಲ್ಲಿನವ. ಇಬ್ಬರಿಗೂ ಕುಸ್ತಿಯೇ ಕಸುಬು. ಸೋತವನನ್ನು ಮುಂದಿನ ಊರು ಕರೆಯುವುದಿಲ್ಲ. ಸೋಲು ಗೆಲುವು ಹೇಳುವ ಪಂಚರು, "ಶಿರೂರಿನವ ಚಿತ್!" ಎಂದು ಸಾರಿದರು.

ಶಿರೂರಿನವ ಎದ್ದು ಕೂಗಿದ: "ಮೋಸ ಆಗೈತ್ರಿ! ನನ್ನ ಭುಜ ನೆಲಕ್ಕ ಹತ್ತಿಲ್ಲ. ಮತ್ತ ಅವ ನನ್ನ ಕಣ್ಣಾಗ ಮಣ್ಣ ಒಗದಾನ!"

ಹಿಡಿತ ಸಿಗಲೆಂದು ಮೈಗೆ ಮಣ್ಣು ಹಾಕುವುದು ಪದ್ಧತಿ. ಕಣ್ಣಿಗೆ ಹಾಕುವುದು ಅಧರ್ಮ. ಇಳಕಲ್ಲಿನವ ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದ.

"ವಿಭೂತಿ ಬೆವರಿಗೆ ಎಂದೋ ಹೋಗೇತಿ. ಆ ಆಣಿ ನಡಿಯಂಗಿಲ್ಲ!" ಎಂದ ಶಿರೂರಿನವ.

೨. ಅಕ್ಕಿಕಾಳಿನ ರೂಢಿ

ಮದುವೆ ವಿಡಿಯೊ ತೆಗೆಯುವವನೊಬ್ಬ ಕುಸ್ತಿಯನ್ನೂ ತೆಗೆದಿದ್ದ. ಹಿರಿಯರು ಕಡೆಯನ್ನು ತಮ್ಮಲ್ಲೇ ಇಟ್ಟುಕೊಂಡು, ಮರುದಿನ ಇಳಕಲ್ಲಿನ ಒಂದು ಮನೆಯ ಪಡಸಾಲೆಯಲ್ಲಿ ಟಿವಿಗೆ ಆ ವಿಡಿಯೊ ಹಚ್ಚಿಸಿದರು. ಎಲ್ಲರೂ ಉಸಿರು ಬಿಗಿಹಿಡಿದು ಕುಳಿತೆವು. ಟಿವಿಯಲ್ಲಿ ಪೈಲ್ವಾನರು ಕೈಕೈ ಹಿಡಿದರು, ಹಲಗಿ ವಾದ್ಯದ ಬಡಿತ ಜೋರಾಯಿತು. ಅಷ್ಟರಲ್ಲಿ ಕ್ಯಾಮೆರಾ ಮಂದಿಯ ಕಡೆ ತಿರುಗಿಬಿಟ್ಟಿತು!

"ತಮ್ಮಾ, ಕುಸ್ತಿ ಬಿಟ್ಟು ನಮ್ಮನ್ಯಾಕ ತಗದಿ?" ಎಂದು ಹಿರಿಯರೊಬ್ಬರು ವಿಡಿಯೊದವನನ್ನು ಕೇಳಿದರು.

"ರೂಢಿರಿ ಕಾಕಾ. ವಾಲಗ ಜೋರಾತಂದ್ರ ಅಕ್ಕಿಕಾಳ ಹಾಕೋರ ಕಡೆ ತಿರುಗಬೇಕು. ಇಲ್ಲಂದ್ರ ಬೀಗರು ಬೈತಾರ."

ಬೈಯಲು ಬಂದವರೇ ಟಿವಿಯಲ್ಲಿ ತಮ್ಮ ಮುಖ ಕಂಡು ಮೆತ್ತಗಾದರು. "ಅಲ್ನೋಡ್ರಿ, ನಾನು! ಹಿಂದಕ್ಕ ತಿರುವೋ!" ನಾಲ್ಕು ಸಲ ತಿರುವಿದರು. ಪೈಲ್ವಾನರಿಬ್ಬರೂ ಮೂಲೆಯಲ್ಲಿ ಚಹಾ ಕುಡಿಯುತ್ತ ಕುಳಿತರು.

೩. ಐದನೆಯ ಸಲ

ಐದನೆಯ ಸಲ ಆ ಮನೆಯ ಅಜ್ಜಿ ಟಿವಿಗೆ ಕೈ ತೋರಿಸಿ, "ಎಪ್ಪಾ, ಮಣ್ಣ ಒಗದಾಂವ ಶಿರೂರವನ ಅದಾನಲ್ಲ!" ಎಂದಳು.

ಖರೆ. ಹಲಗಿ ಜೋರಾಗುವ ಮುಂಚೆ ಶಿರೂರಿನವನೇ ಮಣ್ಣು ಒಗೆದಿದ್ದ. ಇಳಕಲ್ಲಿನವ ಬಗ್ಗಿದ್ದ. ಮಣ್ಣೆಲ್ಲ ಹಿಂದೆ ನಿಂತ ಪಂಚರ ಮುಖಕ್ಕೆ ಬಿದ್ದಿತ್ತು!

"ಪಂಚರ, ಕಣ್ಣ ಕಾಣದ ಚಿತ್ ಅಂತ ಹೆಂಗ ಹೇಳಿದ್ರಿ?" ಎಂದರು ಹಿರಿಯರು.

ಪಂಚರು ತಲೆ ತಗ್ಗಿಸಿದರು: "ಹಲಗಿ ಜೋರಾತ್ರಿ. ಯಾರೋ ಬಿದ್ದಾನ ಅಂತ ತಿಳಕೊಂಡು, ಬಾಯಿಗೆ ಬಂದ ಊರ ಹೇಳಿದೆ."

ಹಿರಿಯರು ಹಲಗಿಯವನ ಕಡೆ ತಿರುಗಿದರು: "ನೀ ಯಾಕ ಜೋರ ಹೊಡದಿ?"

"ಪಂಚರು ಕೈ ಎತ್ತಿದ್ರಲ್ರಿ!"

"ನಾ ಎತ್ತಿದ್ದು ಕಣ್ಣ ಒರಸಿಕೊಳ್ಳಾಕೋ!" ಎಂದರು ಪಂಚರು.

ಶಿರೂರಿನವ ಎಲ್ಲರೆದುರು ಕೈಮುಗಿದು ತಪ್ಪೊಪ್ಪಿಕೊಂಡ. ಹಿರಿಯರು ತೀರ್ಪು ಕೊಟ್ಟರು: "ನಾಳೆ ಮತ್ತ ಹಿಡೀರಿ. ಮಣ್ಣ ಇರಲಿ, ಕ್ಯಾಮೆರಾ ಇರಲಿ, ಹಲಗಿ ಮಾತ್ರ ಬ್ಯಾಡ!"

ಮರುದಿನ ಇಳಕಲ್ಲಿನವ ಎರಡೇ ಪಟ್ಟಿಗೆ ಗೆದ್ದು ಕಡೆ ತೊಟ್ಟ. ನಕ್ಕಿದ್ದರೆ, ಈ ಸುದ್ದಿಯನ್ನು ಇನ್ನೊಬ್ಬರಿಗೂ ಮುಟ್ಟಿಸಿರಿ. ಶರಣರ ಕೃಪೆ ನಿಮ್ಮ ಮೇಲಿರಲಿ.