ಬೀಗರ ಹಣೆಯ ಕಾಂತಿ

ತೆಲಂಗಾಣ ರಾಜ್ಯವಾದ ಮರುವರ್ಷವಿರಬೇಕು, ಅಥವಾ ಅದರ ಮರುವರ್ಷ. ದಿನಚರಿಯಲ್ಲಿ ತಾರೀಖಿನ ಮೇಲೆ ಎಣ್ಣೆ ಚೆಲ್ಲಿದೆ, ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಆದರೆ ಪೌಡರಿನ ಬಣ್ಣ ಮಾತ್ರ ಚೆನ್ನಾಗಿ ನೆನಪಿದೆ. ಬೆಳ್ಳಿಬಿಳುಪು.

ಆಗ ನಾನು ಎಂ.ಎ. ಮುಗಿಸಿ ಮಕ್ತಲ್‌ನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ನೋಡಿಹೋದ ಎರಡು ವರಗಳ ಕಡೆಯವರೂ 'ಹುಡುಗಿ ಶಾಣ್ಯಾಕಿ, ಆದ್ರ ಮಾರಿಗಿ ಕಳೆ ಇಲ್ಲ' ಎಂದು ಹೇಳಿಕಳಿಸಿದ್ದರು. ಮೂರನೆಯವರು ಗದ್ವಾಲದ ಮೇಷ್ಟ್ರು. ಅವರೊಂದಿಗೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೆ, ಎರಡು ಸಲವೂ ನಕ್ಕಿದ್ದೆ. ಈ ಸಂಬಂಧ ತಪ್ಪಬಾರದು. ಕಳೆ ಇಲ್ಲವೇ? ಕೊಂಡರಾಯಿತು!

ಕೆನ್ನೆಯ ಮೂಳೆಯ ಮೇಲೆ, ಮೂಗಿನ ಮೇಲೆ ತುಸುವೇ ಸವರಿದರೆ ಹುಟ್ಟಿನಿಂದ ಬಂದಂಥ ಹೊಳಪು ಕೊಡುವ ಪೌಡರೊಂದಿದೆ, ಹೈಲೈಟರ್ ಎನ್ನುತ್ತಾರೆ ಎಂದು ಓದಿದ್ದೆ. ನಾರಾಯಣಪೇಟೆಯ ಬಳೆ ಅಂಗಡಿಯ ಯಜಮಾನತಿ ಎರಡು ಬಣ್ಣಗಳನ್ನು ನನ್ನ ಮುಂಗೈಗೆ ಸವರಿ ತೋರಿಸಿದರು.

"ನಿಮ್ಮ ಬಣ್ಣಕ್ಕ ಈ ಜೇನಿನ ಬಣ್ಣದ್ದು ಒಪ್ತೈತ್ರಿ ಮೇಡಂ. ಬಿಳೇದು ಬೂದಿ ಹಂಗ ಕಾಣ್ತೈತಿ."

ಅವರು ಓದಿದ್ದು ಏಳನೇ ಇಯತ್ತೆ. ನಾನು ಎಂ.ಎ. ಬಿಳಿಯದನ್ನೇ ಕೊಂಡೆ.

ಮನೆಗೆ ಬಂದು ಡಬ್ಬಿ ತೆರೆಯುವಾಗ ಕೈಜಾರಿ ಪೌಡರಿನ ಬಿಲ್ಲೆ ಪುಡಿಪುಡಿಯಾಯಿತು. ಪುಡಿಯನ್ನೆಲ್ಲ ಬಳಿದು ಒಂದು ಪುಟ್ಟ ಸ್ಟೀಲ್ ಡಬ್ಬಿಗೆ ತುಂಬಿದೆ.

ಮರುದಿನ ಗದ್ವಾಲದವರು ನನ್ನನ್ನು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ದೇವರ ಜಗಲಿಯ ಮುಂದೆ ನಿಂತೆ. ನಮ್ಮ ಮನೆಯ ಒಂದೇ ದೊಡ್ಡ ಕನ್ನಡಿ ಇದ್ದದ್ದು ಅಲ್ಲಿಯೇ. ಬ್ರಶ್ ಇರಲಿಲ್ಲ, ಬೆರಳಿನಿಂದಲೇ ಹಚ್ಚಿಕೊಂಡೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸಾಲದೆನಿಸಿತು, ಇನ್ನಷ್ಟು ಹಚ್ಚಿಕೊಂಡೆ. ಸಮಾಧಾನವಾಗಿ, ಬಿಸಿಲಿದ್ದ ಅಂಗಳಕ್ಕೆ ಬಂದೆ.

ಅವ್ವ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು. "ಯಾಕವ್ವ, ಗ್ವಾಡಿಗಿ ಹಚ್ಚೋ ಸುಣ್ಣ ಮಾರಿಗಿ ಹಚ್ಚಿಕೊಂಡಿ?"

ಮಾತಿನ ಹಿಂದೆಯೇ ಹಸಿ ಟವೆಲ್ಲು ಬಂತು. ನನ್ನ ಕಾಂತಿಯೆಲ್ಲ ಬಚ್ಚಲಿಗೆ ಹರಿಯಿತು. ಅಷ್ಟರಲ್ಲಿ ಗದ್ವಾಲದ ಜೀಪು ಬಂತು: ಮೇಷ್ಟ್ರು, ಅವರ ತಂದೆ, ತಾಯಿ. ಗಡಿಬಿಡಿಯಲ್ಲಿ ಸ್ಟೀಲ್ ಡಬ್ಬಿ ಜಗಲಿಯ ಮೇಲೆಯೇ ಉಳಿಯಿತು.

ನಮ್ಮಲ್ಲಿ ಹಣೆಗೆ ವಿಭೂತಿ ಇಲ್ಲದೆ ಯಾರೂ ಊಟಕ್ಕೆ ಕೂರುವುದಿಲ್ಲ. ಅಪ್ಪ ಬಹಳ ಗೌರವದಿಂದ ಬಂದವರಿಗೆ ಜಗಲಿಯ ಮೇಲಿದ್ದ ಡಬ್ಬಿ ಹಿಡಿದರು. ಮೂವರೂ ಮೂರು ಬೆರಳು ಅದ್ದಿ ಹಣೆಯ ತುಂಬ ಧಾರಾಳವಾಗಿ ಎಳೆದುಕೊಂಡರು. ಅಡುಗೆಮನೆಯಲ್ಲಿದ್ದ ನಾನು ಇದನ್ನು ನೋಡಲಿಲ್ಲ. ಊಟ ಮುಗಿಸಿ ಅವರು ಕೈತೊಳೆಯಲು ಬಿಸಿಲಿಗೆ ಬಂದಾಗ ನೋಡಿದೆ. ನೀರಿನ ತಂಬಿಗೆ ನನ್ನ ಕೈಯಲ್ಲಿಯೇ ನಿಂತಿತು. ಮೂರು ಹಣೆ, ಒಂಬತ್ತು ಪಟ್ಟಿ. ಎಲ್ಲವೂ ಝಗಝಗ!

ಹಿರಿಯರು ಮಗನನ್ನು ನೋಡಿದರು. "ತಮ್ಮಾ, ನಿನ್ನ ಹಣಿ ಯಾಕೋ ಮಿಂಚಾಕತ್ತೈತಿ."

"ನಿಮ್ದೂ ಮಿಂಚಾಕತ್ತೈತ್ರಿ ಅಪ್ಪಾ."

ಇದೆಲ್ಲಿಯ ವಿಭೂತಿ ಎಂದು ಹಿರಿಯರು ಭಕ್ತಿಯಿಂದ ಕೇಳಿದರು. ನನ್ನಪ್ಪ ಅದಕ್ಕಿಂತ ಹೆಚ್ಚಿನ ಭಕ್ತಿಯಿಂದ, ಶ್ರೀಶೈಲದ್ದು ಎಂದರು. ಹಾಗಾದರೆ ತಮ್ಮ ಮನೆಯ ದೇವರಿಗೂ ಒಂದು ಚಿಟಿಕೆ ಕಟ್ಟಿಕೊಡಿ ಎಂದು ಹಿರಿಯರು ಕೇಳಿಕೊಂಡರು. ಅಪ್ಪ ಕಾಗದ ಹುಡುಕತೊಡಗಿದರು.

ಸುಮ್ಮನಿದ್ದರೆ ಸಂಬಂಧ ಉಳಿಯುತ್ತದೆ, ಆದರೆ ಪೌಡರು ಅವರ ದೇವರ ಮುಂದೆ ಹೋಗುತ್ತದೆ. ಹೇಳಿದರೆ ಮೂರನೆಯವರೂ ಹೋಗುತ್ತಾರೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಮಾವಾರ, ಅದು ವಿಭೂತಿ ಅಲ್ರಿ. ನನ್ನ ಮಾರಿಗಿ ಹಚ್ಚಿಕೊಳ್ಳಾಕ ತಂದ ಪೌಡರ್ ರೀ."

ಸಂಬಂಧ ಗೊತ್ತಾಗುವ ಮೊದಲೇ ಮಾವ ಎಂದುಬಿಟ್ಟಿದ್ದೆ! ಹಿರಿಯರು ಹಣೆ ಮುಟ್ಟಿಕೊಂಡು, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು.

"ನಿನಗಂತ ತಂದದ್ದು ನಿನ್ನ ಮಾರಿಮ್ಯಾಲ ಯಾಕಿಲ್ಲವ್ವ?"

"ಅವ್ವ ತೊಳದಾಳ್ರಿ."

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಅವರ ತಾಯಿ. ಕೊನೆಗೆ ಹಿರಿಯರು, "ಹೋಗ್ಲಿ ಬಿಡ್ರಿ, ಸುಳ್ಳು ಹೇಳೋ ಹುಡುಗಿ ಅಲ್ಲ" ಎಂದು ನನ್ನಪ್ಪನ ಹೆಗಲ ಮೇಲೆ ಕೈಯಿಟ್ಟರು.

ಆ ದಿನ ನನ್ನ ಮುಖದಲ್ಲಿ ಎಂಥದೋ ಹೊಳಪಿತ್ತು ಎಂದು ಮೇಷ್ಟ್ರು, ಅಂದರೆ ನನ್ನ ಯಜಮಾನರು, ಈಗಲೂ ಹೇಳುತ್ತಾರೆ. ನನಗೂ ನಂಬುವ ಆಸೆ. ಆದರೆ ಅಂಗಳದಲ್ಲಿ ತೆಗೆದ ಫೋಟೊ ದಿನಚರಿಯಲ್ಲಿದೆ. ಅದರಲ್ಲಿ ಅತ್ತೆ, ಮಾವ, ಅವರ ಮಗ ಮೂವರೂ ಮಿಂಚುತ್ತಿದ್ದಾರೆ. ಪಕ್ಕದಲ್ಲಿ ನಾನು, ಕರೆಂಟು ಹೋದ ಬಲ್ಬಿನ ಹಾಗೆ. ಸಹಜ ಕಾಂತಿ ಬೇಕೆಂದಿದ್ದೆ. ಕಾಂತಿಯೆಲ್ಲ ಬೀಗರ ಪಾಲಾಯಿತು, ನನಗೆ ಉಳಿದದ್ದು ಬರೀ ಸಹಜ.